ನಾಲ್ಕನೇ ಪುಟದ ತಿದ್ದುಪಡಿ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಇವರಿಗೆ,

ನಮಸ್ಕಾರ. ನೀವು ಮನೆ ಬಿಟ್ಟು ಎಂಟು ತಿಂಗಳಾದ ಮೇಲೆ ಬರೆಯುತ್ತಿರುವ ಕಾಗದಕ್ಕೆ ಏನೆಂದು ಒಕ್ಕಣೆ ಹಾಕಬೇಕೋ ತಿಳಿಯಲಿಲ್ಲ. ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ; ಬೇರೆ ಏನಾದರೂ ಕರೆಯುವಷ್ಟು ಸಲಿಗೆ ಉಳಿದಿದೆಯೋ ಇಲ್ಲವೋ. ಪ್ರೆಸ್ಸಿನ ಹತ್ತಿರದ ಆ ರೂಮಿನಲ್ಲಿ ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀರಿ ಎಂದುಕೊಂಡಿದ್ದೇನೆ. ಮಾಡುತ್ತಿಲ್ಲ ಎಂದು ಗೊತ್ತು, ಆದರೂ ಹಾಗೆ ಅಂದುಕೊಳ್ಳುತ್ತೇನೆ.

ವಿಷಯಕ್ಕೆ ಬರುತ್ತೇನೆ. ಈ ಮನೆ ಮಾರಿಕೊಡಲು ಬ್ರೋಕರ್ ಜೊತೆ ನಾವಿಬ್ಬರೂ ಮಾಡಿಕೊಂಡ ಒಪ್ಪಂದವನ್ನು ತಿದ್ದಬೇಕು. ಅದಾಗದಿದ್ದರೆ ರದ್ದು ಮಾಡಬೇಕು. ಯಾವುದಕ್ಕಾದರೂ ಇಬ್ಬರ ಸಹಿಯೂ ಬೇಕಂತೆ.

ಆ ದಿನ ಫಾರಂ ತುಂಬಿದ್ದು ನೀವು. ಬ್ರೋಕರ್ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ನಾನು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದೆ. ನಿಮ್ಮ ಎದುರಿನಿಂದ ಎದ್ದು ಬಂದರೆ ಸಾಕಾಗಿತ್ತು ನನಗೆ. ಮೊನ್ನೆ ಭಾನುವಾರ ಸಂಜೆ ನಕಲು ತೆಗೆದು ಓದಲು ಕೂತೆ. ನಾಲ್ಕನೇ ಪುಟದಲ್ಲಿ ಒಂದು ಪ್ರಶ್ನೆ ಇದೆ: ‘ಈ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?’ ಅದರ ಮುಂದೆ ನಿಮ್ಮ ದುಂಡು ಅಕ್ಷರದಲ್ಲಿ ‘ಇಲ್ಲ’ ಎಂದಿದೆ.

ಬೇರೆಯವರಾಗಿದ್ದರೆ ಅವಸರದಲ್ಲಿ ಬರೆದರು ಎನ್ನಬಹುದಿತ್ತು. ನೀವು ಮೂವತ್ತು ಪುಟದಲ್ಲಿ ಒಂದು ಕೊಂಬು ಬಿಟ್ಟುಹೋದರೂ ಹಿಡಿಯುವ ಪ್ರೂಫ್ ರೀಡರು. ನನ್ನ ಅಂಗಡಿ ಚೀಟಿಯ ಕಾಗುಣಿತವನ್ನೂ ಬಿಟ್ಟವರಲ್ಲ.

ನಿನ್ನೆ ಬ್ರೋಕರ್ ಆಫೀಸಿಗೆ ಹೋಗಿ ಕೇಳಿದೆ. ಪಾಪ, ಕೆಟ್ಟ ಮನುಷ್ಯನಲ್ಲ. “ನಾನೇ ಹಾಗೆ ಬರೀರಿ ಅಂದೆ ಅಮ್ಮಾ. ಹೌದು ಅಂದ್ರೆ ಬಂದವರು ಹೊಸ್ತಿಲು ದಾಟಲ್ಲ. ಅದೂ ಇಪ್ಪತ್ತಾರು ದಿನದ ಕೂಸು, ಅದನ್ನ ಯಾರು ಲೆಕ್ಕಕ್ಕೆ ಹಿಡೀತಾರೆ?” ಎಂದರು. ತಿದ್ದುವುದಕ್ಕೆ ಒಂದು, ರದ್ದು ಮಾಡುವುದಕ್ಕೆ ಒಂದು ಫಾರಂ ಕೇಳಿ ತೆಗೆದುಕೊಂಡು ಎದ್ದು ಬಂದೆ.

ಇಪ್ಪತ್ತಾರು ದಿನ. ಟವೆಲ್ಲು ಸುತ್ತಿದರೆ ಮೂಗು, ಬಾಯಿ ಬಿಟ್ಟು ಏನೂ ಕಾಣುವುದಿಲ್ಲ, ಸಿಪ್ಪೆಯೊಳಗಿನ ಕಾಳಿನ ಹಾಗೆ ಎಂದು ಬಟಾಣಿ ಅಂತ ಕರೆದವರು ನೀವು. ನೀವು ಬರೆದು ತಂದ ಪಟ್ಟಿಯಲ್ಲಿ ನನಗೆ ಯಾವ ಹೆಸರೂ ಹಿಡಿಸುತ್ತಿರಲಿಲ್ಲ. ನಿಧಾನವಾಗಿ ಇಡೋಣ, ಅವಳೇನು ಓಡಿಹೋಗುತ್ತಾಳಾ ಎಂದಿದ್ದೆ. ಇಪ್ಪತ್ತೇಳನೇ ದಿನ ಬೆಳಿಗ್ಗೆ ನೋಡಿದರೆ ಸಣ್ಣ ರೂಮಿನ ತೊಟ್ಟಿಲಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಆಮೇಲೆ ನಾಲ್ಕು ವರ್ಷ ನಾವಿಬ್ಬರೂ ಆ ಮಾತೇ ಎತ್ತಲಿಲ್ಲ. ನಾನು ಹೊಲಿಗೆ ಮಿಷನ್ನಿಗೆ ತಲೆ ಬಗ್ಗಿಸಿದೆ, ನೀವು ಪ್ರೂಫಿನ ಹಾಳೆಗಳಿಗೆ. ಉಪ್ಪು ಕಮ್ಮಿಯಾದರೂ ಹೇಳುತ್ತಿರಲಿಲ್ಲ ನೀವು, ಎದ್ದು ಹೋಗಿ ಹಾಕಿಕೊಳ್ಳುತ್ತಿದ್ದಿರಿ. ಅಂಥ ಮನೆಯಲ್ಲಿ ಯಾರು ಎಷ್ಟು ದಿನ ಇರುತ್ತಾರೆ? ನೀವು ಹೊರಟುಹೋದದ್ದಕ್ಕೆ ನಾನು ದೂರುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ನನ್ನದನ್ನೂ ಹೇಳಿಬಿಡಬೇಕು. ಭಾನುವಾರ ಮಧ್ಯಾಹ್ನ ಮನೆ ನೋಡಲು ಒಬ್ಬ ಟೀಚರಮ್ಮ ಬಂದಿದ್ದರು. ಟೇಪು ಹಿಡಿದು ಗೋಡೆ ಗೋಡೆಯನ್ನೂ ಅಳೆದರು, ಬೀರು ಎಲ್ಲಿ, ಮಂಚ ಎಲ್ಲಿ ಎಂದು ತಾವೇ ಮಾತಾಡಿಕೊಂಡರು. ಸಣ್ಣ ರೂಮಿನ ಬಾಗಿಲಲ್ಲಿ ನಿಂತು, “ಇಲ್ಲಿ ಯಾರಿದ್ರು?” ಎಂದು ಕೇಳಿದರು. “ಯಾರೂ ಇರಲಿಲ್ಲ, ಸಾಮಾನು ಇಡ್ತಿದ್ವಿ” ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ಸಲೀಸಾಗಿ ಬಂತು. ಅವರು ಹೋದ ಮೇಲೆ ಆ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಒಪ್ಪಂದದ ನಕಲು ಹುಡುಕಿದ್ದೇ ಅದಕ್ಕೆ. ನಾನು ಸುಳ್ಳು ಹೇಳಿದರೂ ನೀವಾದರೂ ನಿಜ ಬರೆದಿರುತ್ತೀರಿ ಎಂಬ ಆಸೆಯಿತ್ತು.

ಅವಳು ಬಂದು ಹೋದಳೆಂಬುದಕ್ಕೆ ನಮ್ಮಿಬ್ಬರನ್ನು ಬಿಟ್ಟರೆ ಸಾಕ್ಷಿ ಯಾರಿದ್ದಾರೆ? ನಾವೇ ಇಲ್ಲ ಎಂದ ಮೇಲೆ ಮುಗಿಯಿತು. ಮನೆ ಮಾರುವುದು ಬೇಡ ಎನ್ನುತ್ತಿಲ್ಲ. ಅವಳು ಇರಲೇ ಇಲ್ಲ ಎಂಬ ಕಾಗದದ ಮೇಲೆ ಮಾರುವುದು ನನ್ನಿಂದಾಗದು.

ಇದರ ಜೊತೆ ಎರಡು ಕಾಗದ ಇಟ್ಟಿದ್ದೇನೆ. ಒಂದು, ಆ ‘ಇಲ್ಲ’ವನ್ನು ‘ಹೌದು’ ಎಂದು ತಿದ್ದುವುದಕ್ಕೆ. ಇನ್ನೊಂದು, ಒಪ್ಪಂದವನ್ನೇ ರದ್ದು ಮಾಡುವುದಕ್ಕೆ. ಎರಡರ ಮೇಲೂ ನನ್ನ ಸಹಿಯಾಗಿದೆ. ನಿಮ್ಮ ಕೈ ಯಾವುದಕ್ಕೆ ಏಳುತ್ತದೋ ಅದಕ್ಕೆ ಹಾಕಿ ಕಳಿಸಿ.

ಇತಿ,
ಬಟಾಣಿಯ ಅಮ್ಮ

ಮತ್ತೆ: ಒಪ್ಪಂದದ ನಕಲನ್ನೂ ಲಕೋಟೆಗೆ ಹಾಕಲು ಮಡಚುವಾಗ ಐದನೇ ಪುಟ ಕಣ್ಣಿಗೆ ಬಿತ್ತು. ಭಾನುವಾರ ನಾನು ನಾಲ್ಕಕ್ಕೇ ಓದು ನಿಲ್ಲಿಸಿದ್ದೆ. ‘ಮನೆ ಕಟ್ಟಿದಂದಿನಿಂದ ಇಲ್ಲಿ ವಾಸವಾಗಿದ್ದವರು ಎಷ್ಟು ಜನ?’ ಎಂಬಲ್ಲಿ ನೀವು ‘ಇಬ್ಬರು’ ಎಂದು ಬರೆದು, ಅದಕ್ಕೆ ಗೆರೆ ಎಳೆದು, ‘ಮೂವರು’ ಎಂದು ಮಾಡಿ ಪಕ್ಕದಲ್ಲಿ ಸಣ್ಣ ಸಹಿ ಹಾಕಿದ್ದೀರಿ. ಒಂದು ಮಾತು ನನಗೆ ಹೇಳಬಾರದಿತ್ತೇ? ಯಾವ ಕಾಗದಕ್ಕೆ ಸಹಿ ಹಾಕಿದರೂ ಅಂಚೆಗೆ ಹಾಕಬೇಡಿ. ನೀವೇ ತನ್ನಿ.