ಸೊಸೆಯನ್ನು ಕೇಳಿ ಎಂದ ಗುರು

ಸಾಜಿದಾ,

ಇವತ್ತು ನ್ಯಾಮತಿಯಲ್ಲಿ ನನಗೊಬ್ಬರು ಗುರು ಸಿಕ್ಕರು ಕಣೇ! ನೀನು ತೀರಿಕೊಂಡು ಎಂಟು ತಿಂಗಳಾಯಿತೆಂದು ಗೊತ್ತಿದ್ದೂ, ಮೊದಲು ನಿನಗೇ ಹೇಳಬೇಕೆನಿಸಿತು.

ಅವರು ಹನುಮಕ್ಕ, ನಿವೃತ್ತ ನರ್ಸ್. ಮನೆಯ ಪಡಸಾಲೆಯಲ್ಲೇ ಬುದ್ಧನ ಮಾತುಗಳನ್ನು ಓದಿಸಿ, ಧ್ಯಾನ ಹೇಳಿಕೊಡುತ್ತಾರೆ. ನಾನು ಕಾಲಿಗೆ ಬೀಳಲು ಹೋದರೆ ತಡೆದರು.

"ಈಗ್ಲೇ ನಂಬಬ್ಯಾಡ್ರಿ ಟೀಚರ್. ಮೂರು ತಿಂಗ್ಳು ಬಂದು ನೋಡ್ರಿ. ನಾನು ಹೆಂಗೆ ಅಂತ ನನ್ ಸೊಸೇನ ಕೇಳ್ರಿ."

ಸೊಸೆ ಅಡುಗೆಮನೆಯಿಂದಲೇ ಕೂಗಿದಳು: "ಸಾರಿಗೆ ಉಪ್ಪು ಕಮ್ಮಿ ಆದ್ರೆ ಇವತ್ತಿಗೂ ಸಿಟ್ಟು ಬರ್ತೈತ್ರಿ! ಆದ್ರೆ ಈಗ ಅವ್ರೇ ಬಂದು ತಪ್ಪಾತು ಕಣವ್ವ ಅಂತಾರೆ."

ಹನುಮಕ್ಕ ನಾಚಿ ನಕ್ಕರು. "ಇಷ್ಟಕ್ಕೇ ಹನ್ನೆರಡು ವರ್ಷ ಹಿಡೀತು ನೋಡ್ರಿ."

ಆಮೇಲೆ ಕಣ್ಣು ಮುಚ್ಚಿ ಕುಳಿತರೂ ನನಗೆ ನಗು ತಡೆಯಲಾಗಲಿಲ್ಲ. ಅವರೂ ಕಿಸಕ್ಕೆಂದರು. ಎಷ್ಟು ಹಗುರಾಗಿಬಿಟ್ಟೆ, ಗೊತ್ತಾ?

ಆರು ವರ್ಷದ ಹಿಂದೆ, ಚನ್ನಗಿರಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ, ನಾನು ಮರುಳಾಗಿದ್ದ ಆ ಧ್ಯಾನದ ಸ್ವಾಮಿಯ ಬಗ್ಗೆ ನೀನೂ ಇದನ್ನೇ ಹೇಳಿದ್ದೆ: "ಅವರ ಜತೆ ಇರೋರ್ನ ಒಂದ್ಸಲ ಕೇಳೇ." ನಾನು, "ನಿಮ್ಮೋರಿಗೆ ಇದೆಲ್ಲ ಏನು ತಿಳಿತೈತೆ?" ಎಂದುಬಿಟ್ಟೆ. ವರ್ಷದೊಳಗೆ ಸ್ವಾಮಿಯ ಬಣ್ಣ ಬಯಲಾಯಿತು. ನಿನ್ನ ಮನೆ ಎರಡೇ ಬೀದಿ ಆಚೆಗಿತ್ತು. ತಪ್ಪಾಯಿತು ಎನ್ನಲು ನಾನು ಬರಲಿಲ್ಲ.

ಇವತ್ತು ಹೊರಡುವಾಗ ಹನುಮಕ್ಕ ಬಾಗಿಲವರೆಗೆ ಬಂದು, "ಗೆಳತೀರು ಯಾರಾದ್ರೂ ಇದ್ರೆ ಕರ್ಕೊಂಡು ಬರ್ರಿ, ಜತೆ ಇದ್ರೆ ಚೆಂದ" ಎಂದರು.

"ಒಬ್ಬಳಿದ್ದಾಳೆ," ಎಂದೆ, ನಗುತ್ತಲೇ.

ನಿನ್ನ,
ಸರ್ವಮಂಗಳ