ಮೊದಲು ಹೋಗಿ ನೋಡಿದವಳು

ಇಟೊಕು ಪೇಟೆ, ಅಬೆಯೊಕುಟ
ಮಂಗಳವಾರ, ಜನವರಿ 14

ಪ್ರೀತಿಯ ಅಕ್ಕ ಕೆಹಿಂದೆಗೆ,

ನಿನ್ನ ತೈವೊ ಮೊಣಕಾಲೂರಿ ಮಾಡುವ ನಮಸ್ಕಾರ. ನೀನು, ಭಾವ, ಮಕ್ಕಳೆಲ್ಲ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಎಲ್ಲಾ ಚೆನ್ನಾಗಿದೆ, ಹಬ್ಬಕ್ಕೆ ಬರ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ನಿಮ್ಮ ಅಬಿಜಾನಿಗೆ ಬಟ್ಟೆ ಒಯ್ಯುವ ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸಾಲುಗಳು ಗುಡ್ಡ ಹತ್ತಿ ಇಳಿದಿದ್ದರೆ ಕುಡಿದು ಬರೆದಳೇನೋ ಎಂದುಕೊಳ್ಳಬೇಡ. ನನಗೆ ಅವು ನೆಟ್ಟಗೇ ಕಾಣುತ್ತಿವೆ. ತೊಂದರೆ ಇರುವುದೇ ಅಲ್ಲಿ.

ಕಣ್ಣಿನ ಆಪರೇಷನ್ ಆಯಿತು, ಚೆನ್ನಾಗಿದ್ದೇನೆ ಎಂದಷ್ಟೇ ನಿನಗೆ ಹೇಳಿದ್ದೆ. ನಡೆದದ್ದು ಹೀಗೆ. ಮಳೆ ಮುಗಿಯುವ ಹೊತ್ತಿನಲ್ಲಿ ಒಂದು ದಿನ ನೀಲಿಗೆ ಅದ್ದುವ ಬಟ್ಟೆ ಹಾಸಿ, ಬಣ್ಣ ಹಿಡಿಯಬಾರದ ಕಡೆ ಕೋಳಿಗರಿಯಿಂದ ಮರಗೆಣಸಿನ ಗಂಜಿಯ ಗೆರೆ ಎಳೆಯುತ್ತಿದ್ದೆ. ಬಟ್ಟೆಯ ತುಂಬ ಮೆಣಸಿನ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕಿ. ಗಂಜಿ ಸರಿಯಾಗಿ ಸೋಸಿಲ್ಲ ಎಂದು ಮಗಳನ್ನು ಬೈದು ಇಡೀ ಮಡಕೆ ಚೆಲ್ಲಿಸಿದೆ. ಮೊರೆನಿಕೆ ಪಾಪ, ಮತ್ತೆ ಕಾಯಿಸಿ ಎರಡು ಸಲ ಸೋಸಿ ತಂದಳು. ಅದರಲ್ಲೂ ಚುಕ್ಕಿ. "ಅಮ್ಮಾ, ಕಸ ಗಂಜಿಯಲ್ಲಿಲ್ಲ, ನಿನ್ನ ಕಣ್ಣಲ್ಲಿದೆ" ಎಂದಳು. ಎದುರು ಮಾತಾಡುತ್ತೀಯಾ ಎಂದು ಅದಕ್ಕೂ ಬೈದೆ. ಆಮೇಲೆ ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆಯತೊಡಗಿತು. ಒಂದು ಬೆಳಿಗ್ಗೆ ಏಳುವಾಗ ಎಡಗಣ್ಣಿನ ಅರ್ಧಕ್ಕೆ ಯಾರೋ ನೀಲಿ ಪರದೆ ಎಳೆದಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಮ್ಮ ತಮ್ಮ ಇದೊವು ನನ್ನನ್ನು ಇಬಾದಾನಿಗೆ ಕರೆದುಕೊಂಡು ಹೋದ. ನಮ್ಮಂಥ ಅವಳಿಗಳ ಬೆನ್ನಿಗೆ ಹುಟ್ಟಿದವನು ಹಟಮಾರಿ ಎಂದು ಊರೆಲ್ಲ ಅನ್ನುತ್ತದೆ, ಆ ಹಟ ಅವತ್ತು ಉಪಯೋಗಕ್ಕೆ ಬಂತು. "ನಾಳೆ ಬನ್ನಿ" ಎಂದ ಆಸ್ಪತ್ರೆಯ ಗುಮಾಸ್ತನ ಮೇಜಿನ ಮುಂದೆ ನೆಲದ ಮೇಲೆ ಕೂತುಬಿಟ್ಟು, "ಸರಿ ಸ್ವಾಮಿ, ನಾಳೆವರೆಗೂ ಇಲ್ಲೇ ಇರ್ತೀವಿ. ಊಟಕ್ಕೇನು ಮಾಡ್ಸಿದೀರಿ?" ಎಂದ. ಅವತ್ತೇ ನೋಡಿದರು.

ಆಪರೇಷನ್ ಮಾಡಿ ಕಣ್ಣೊಳಗೆ ಗಾಳಿ ತುಂಬಿದರು. ಹರಿದು ಕಿತ್ತುಬಂದ ಕಣ್ಣಿನ ಒಳಪರದೆಯನ್ನು ಆ ಗಾಳಿ ಒತ್ತಿ ಹಿಡಿಯಬೇಕಂತೆ, ಅದಕ್ಕೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಪ್ರಾರ್ಥನೆ ಎಲ್ಲ ನೆಲ ನೋಡಿಕೊಂಡು. ಯಾರ ಮುಖವೂ ಕಾಣುತ್ತಿರಲಿಲ್ಲ, ಬಂದವರ ಕಾಲು ಮಾತ್ರ. ಮಂಜಾದ ಬಲಗಣ್ಣಲ್ಲೇ ಕಾಲುಗಳನ್ನು ಗುರುತು ಹಿಡಿಯಲು ಕಲಿತೆ. ಇದೊವುವಿನ ಹರಿದ ಚಪ್ಪಲಿ, ಮೊರೆನಿಕೆಯ ನೀಲಿ ಹಿಡಿದ ಉಗುರು, ನರ್ಸಮ್ಮನ ಊದಿದ ಪಾದ. ಒಂದೊಂದು ಹೊಸ ಜೊತೆ ಕಾಲು ಬಂದಾಗಲೂ ನಾನು ಎಡಗಾಲಿನ ಹೆಬ್ಬೆರಳು ನೋಡುತ್ತಿದ್ದೆ, ಒನಕೆ ಬಿದ್ದು ಸೊಟ್ಟಗಾದ ಉಗುರು ಇದೆಯೇ ಎಂದು. ನೀನು ಬರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ನೋಡುತ್ತಿದ್ದೆ.

ಗಾಳಿ ಕರಗಿತು, ಕಣ್ಣು ಉಳಿಯಿತು. ಆದರೆ ಉಳಿದದ್ದು ಬೇರೆಯದೇ ಕಣ್ಣು. ಬಾಗಿಲ ಚೌಕಟ್ಟಿಗೆ ಸೊಂಟ ಬಂದಿದೆ. ವಿದ್ಯುತ್ ಕಂಬ ನಡುವೆ ಬಾಗಿ ಯಾರಿಗೋ ಕೈಮುಗಿಯುತ್ತದೆ. ಹಾದಿಯಲ್ಲಿ ಬರುವವರ ಮುಖ ಒಂದು ಕಡೆ ಜಾರಿ, ಮೂಗು ಡೊಂಕಾಗಿ, ಹತ್ತಿರ ಬಂದು ಮಾತಾಡುವ ತನಕ ಯಾರೆಂದು ತಿಳಿಯದು. ಡಾಕ್ಟರಮ್ಮನನ್ನು ಕೇಳಿದೆ. "ಒದ್ದೆ ಬಟ್ಟೆ ಗೋಡೆಗೆ ಅಂಟಿಸಿದೀವಿ ಅಂದ್ಕೊಳ್ಳಿ ಅಮ್ಮ. ಅಂಟಿದೆ. ಸುಕ್ಕು ಉಳಿದಿದೆ. ಸ್ವಲ್ಪ ಸುಧಾರಿಸಬಹುದು, ಪೂರ್ತಿ ನೆಟ್ಟಗಾಗತ್ತೆ ಅಂತ ಮಾತು ಕೊಡಲಾರೆ" ಎಂದರು. ಬಲಗಣ್ಣು ಮುಚ್ಚಿಕೊಂಡು ನೋಡಿ, ಎಡಗಣ್ಣು ಮುಚ್ಚಿಕೊಂಡು ನೋಡಿ ಎನ್ನುತ್ತಾರೆ. ನಮ್ಮಿಬ್ಬರ ಬಲಗಣ್ಣೂ ಹುಟ್ಟಾ ಮಂಜು, ನಿನಗೆ ಗೊತ್ತೇ ಇದೆ. ನನಗಿರುವುದು ಈ ಸುಕ್ಕು ಕಣ್ಣೇ.

ಕೆಲಸಕ್ಕೆ ಕೂತೆ. ಚೌಕ ಚೌಕವಾಗಿ ಗೆರೆ ಹಾಕಿ ಬಣ್ಣದಲ್ಲಿ ಅದ್ದಿ ಒಣಗಿಸಿದೆ. ನನಗಂತೂ ಅಚ್ಚುಕಟ್ಟಾಗಿತ್ತು. ರಫಿಯುವಿನ ಅಮ್ಮ, ಅದೇ ನಮ್ಮ ಹಳೆಯ ಗಿರಾಕಿ, ಬಿಚ್ಚಿ ನೋಡಿ, "ಏನೇ ತೈವೊ, ನಿನ್ನ ಬಟ್ಟೆಗೆ ಹೆಂಡ ಕುಡಿಸಿದೀಯಾ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಅತ್ತೆ. ಈಗ ಗೆರೆ ಎಳೆಯುವುದು ಮೊರೆನಿಕೆ. ನಾನು ಬಣ್ಣಕ್ಕೆ ಅದ್ದುತ್ತೇನೆ, ಹಿಂಡುತ್ತೇನೆ, ಒಣಹಾಕುತ್ತೇನೆ. ಅವಳು ನನಗಿಂತ ಚೆನ್ನಾಗಿ ಎಳೆಯುತ್ತಾಳೆ ಎಂದು ಜನ ಹೇಳುತ್ತಾರೆ. ನಿಜವಿರಬಹುದು, ನೋಡಲು ನನ್ನಿಂದಾಗದು.

ಈಗ ಬರೆಯಬೇಕಾದದ್ದಕ್ಕೆ ಬಂದೆ, ಗಮನವಿಟ್ಟು ಓದು. ಡಾಕ್ಟರಮ್ಮ ನನ್ನ ಹೆಸರು ನೋಡಿದವರೇ, "ತೈವೊ ಅಂದ್ಮೇಲೆ ಜೊತೆಗೆ ಹುಟ್ಟಿದ ಕೆಹಿಂದೆ ಎಲ್ಲಿ? ಇಬ್ಬರದೂ ಒಂದೇ ಮುಖಾನಾ?" ಎಂದು ಕೇಳಿದರು. ಒಂದೇ ಮುಖ, ಶಾಲೆಗೆ ಇಬ್ಬರಿಗೂ ಸೇರಿ ಒಂದೇ ದಪ್ಪ ಕನ್ನಡಕ, ಅರ್ಧ ದಿನ ಅವಳಿಗೆ, ಅರ್ಧ ದಿನ ನನಗೆ ಎಂದೆ. ಅವರು ನಗಲಿಲ್ಲ. "ಹಾಗಾದ್ರೆ ಅವರನ್ನ ಬೇಗ ಕರೆಸಿ. ಅವರ ಪರದೇನೂ ಇಷ್ಟೇ ತೆಳು ಇರತ್ತೆ. ಹರಿಯೋ ಮುಂಚೆ ಬಂದ್ರೆ ಬೆಳಕಲ್ಲೇ ಬೆಸುಗೆ ಹಾಕಿ ಸಂಜೆಗೆ ಮನೆಗೆ ಕಳಿಸ್ತೀವಿ" ಎಂದರು. ಕಳೆದ ವಾರ ನೀನು ಫೋನಿನಲ್ಲಿ ನಗುತ್ತಾ, "ನಂಗೂ ಕಣ್ಮುಂದೆ ಸೊಳ್ಳೆ ಹಾರ್ತವೆ ಕಣೇ, ವಯಸ್ಸಾಯ್ತು, ಜೊತೆಗೆ ಈ ಧೂಳಿನ ಗಾಳಿ ಬೇರೆ" ಎಂದೆಯಲ್ಲ, ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಅಕ್ಕಾ, ಅದು ಧೂಳಲ್ಲ. ಗಂಜಿಯ ಕಸವೂ ಅಲ್ಲ.

ಆಸ್ಪತ್ರೆಯೆಂದರೆ ನಿನಗೆ ಭಯ. ಸೂಜಿ ಕಂಡರೆ ನನ್ನ ಬೆನ್ನ ಹಿಂದೆ ಅಡಗಿ, ನನಗೇ ಎರಡು ಸಲ ಚುಚ್ಚಿಸಿದವಳು ನೀನು. ಇರಲಿ. ಅಮ್ಮ ಹೇಳುತ್ತಿದ್ದುದು ನೆನಪಿದೆಯಲ್ಲ: "ಹೋಗು, ಲೋಕದ ರುಚಿ ನೋಡು, ಚೆನ್ನಾಗಿದ್ರೆ ಕೂಗು" ಎಂದು ಹೊಟ್ಟೆಯೊಳಗಿಂದ ನನ್ನನ್ನು ಮುಂದೆ ಕಳಿಸಿದವಳು ನೀನು. ನಾನು ಬಂದು ಅತ್ತೆ, ಆಮೇಲೆ ನೀನು ಬಂದೆ. ಅದಕ್ಕೇ ಮೊದಲು ಹುಟ್ಟಿದ ನಾನು ತಂಗಿ, ನೀನು ಅಕ್ಕ. ಈ ದಾರಿಗೂ ನಾನೇ ಮೊದಲು ಹೋಗಿ ನೋಡಿ ಬಂದಿದ್ದೇನೆ. ಇಲ್ಲಿಯ ರುಚಿ ಚೆನ್ನಾಗಿಲ್ಲ, ನೀನು ಈ ಕಡೆ ಬರಬೇಡ. ಪರದೆ ಹರಿಯುವ ಮೊದಲೇ ಬಸ್ಸು ಹತ್ತು. ಇದೊವು ಲಾಗೋಸಿಗೆ ಬಂದು ಕಾಯುತ್ತಾನೆ. ಅಲಸಂದೆ ಬೇಯಿಸಿ ತಾಳೆಯೆಣ್ಣೆ ಹಾಕಿ ಇಟ್ಟಿರುತ್ತೇನೆ. ಅವಳಿಗಳ ಊಟ ಒಬ್ಬಳೇ ಉಂಡರೆ ಮೈಗೆ ಹತ್ತುವುದಿಲ್ಲ.

ಮಕ್ಕಳಿಗೆ ಆಶೀರ್ವಾದ. ಅವರ ದಾರಿಯಲ್ಲಿ ಕಲ್ಲು ಮುಳ್ಳು ಇಲ್ಲದಿರಲಿ, ಅಮ್ಮನ ತಲೆಯಲ್ಲಿರುವ ದೈವ ಅವರನ್ನು ಕಾಯಲಿ. ಭಾವನಿಗೆ ನಮಸ್ಕಾರ ತಿಳಿಸು, ನಿನ್ನನ್ನು ಕಳಿಸದಿದ್ದರೆ ಇದೊವು ಬಂದು ಅವರ ಅಂಗಡಿಯ ಮುಂದೆ ಕೂರುತ್ತಾನೆ ಎಂದೂ ತಿಳಿಸು.

ನಿನ್ನ ತಂಗಿ,
ತೈವೊ

ಮರೆತ ಮಾತು: ಇಷ್ಟು ವರ್ಷ ನೀನು ಬರಲಿಲ್ಲವೆಂದು ನಾನು ಜಗಳವಾಡಲಿಲ್ಲವಲ್ಲ, ಯಾಕೆಂದು ಯಾವತ್ತೂ ಹೇಳಿರಲಿಲ್ಲ. ಬೆಳಿಗ್ಗೆ ತಲೆವಸ್ತ್ರ ಕಟ್ಟುವಾಗ ಗಂಟನ್ನು ನಿನ್ನ ಹಾಗೆ ಬಲಕ್ಕೆ ಹಾಕಿದರೆ ಸಾಕು, ಕನ್ನಡಿಯಲ್ಲಿ ನೀನಿರುತ್ತಿದ್ದೆ. ನನ್ನ ಕೆನ್ನೆಗೆ ಗೆರೆ ಬಿದ್ದಾಗ ನಿನಗೂ ಬಿತ್ತು ಎಂದು ತಿಳಿಯುತ್ತಿತ್ತು. ನಿನ್ನ ಜೊತೆ ಮಾತಾಡಿಯೇ ಹೊರಗೆ ಹೋಗುತ್ತಿದ್ದೆ. ಈಗ ಅಲ್ಲಿರುವ ಡೊಂಕು ಮೂಗಿನ ಹೆಂಗಸು ನಾನೂ ಅಲ್ಲ, ನೀನೂ ಅಲ್ಲ. ನೀನು ಎದುರಿಗೇ ಬಂದು ನಿಂತರೂ ನನಗೆ ಹಾಗೆಯೇ ಕಾಣುತ್ತೀಯ, ಗೊತ್ತು. ಆದರೂ ಬಾ. ಕಣ್ಣು ಉಳಿಸಿಕೊಂಡು ನನ್ನ ಎದುರು ಕೂತು, ನನ್ನ ಮುಖ ನೋಡಿ, ನೀನು ಈಗ ಹೇಗಿದ್ದೀಯ ಎಂದು ನನಗೆ ಹೇಳು.