ಹತ್ತು ಮಾರು ಒಳಗೆ

ನುಮಾಜು
ಜೂನ್ ೧೮

ಅಮ್ಮಾ,

ನೀನು ಕಳಿಸಿದ ಒಣಮೀನಿನ ಪೊಟ್ಟಣ ನಿನ್ನೆ ಸೀದಾ ಪ್ರಯೋಗಾಲಯಕ್ಕೇ ಬಂತು. ಮನೆಯ ವಿಳಾಸ ಬರೆಸೆಂದು ಎಷ್ಟು ಸಲ ಹೇಳಿದ್ದೇನೆ! ಆ ವಾಸನೆಗೆ ಎರಡನೆಯ ಮಹಡಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಪ್ರಾಧ್ಯಾಪಕ ಕುರೊಯಿವಾ ಮೂಗು ಮುಚ್ಚಿಕೊಂಡೇ, "ನಿಮ್ಮೂರಿನವ್ರು ಇದನ್ನ ತಿಂದೂ ಬದುಕಿದಾರೆ ಅಂದ್ಮೇಲೆ, ನಿಮ್ಮ ಮೀನು ಹುಳಿನೀರಲ್ಲಿ ಬದುಕೋದೇನು ಮಹಾ ಬಿಡಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನಿನ್ನನ್ನು ಒಂದು ವಿಷಯ ಕೇಳಬೇಕಿದೆ. ಫೋನಿನಲ್ಲಿ ಕೇಳಿದರೆ ಊಟ ಆಯಿತೇ ಎಂದು ಮಾತು ತಿರುಗಿಸುತ್ತೀಯ. ಅದಕ್ಕೇ ಕಾಗದ.

ಹನ್ನೊಂದು ವರ್ಷಗಳಿಂದ ಪ್ರತಿ ಆಗಸ್ಟಿನಲ್ಲಿ ನಾನು ಗುಳ್ಳೆಕೊಲ್ಲಿಗೆ ಬಂದು ಮುಳುಗುವುದು ಏಕೆಂದು ನಿನಗೆ ಅರ್ಧ ಗೊತ್ತು. ಉಳಿದರ್ಧವನ್ನು ನಾನೇ ಸರಿಯಾಗಿ ಹೇಳಿಲ್ಲ. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಭೂಕಂಪವಾಯಿತಲ್ಲ, ಆಮೇಲೆ ತಾನೇ ಕೊಲ್ಲಿಯ ತಳದಿಂದ ಗುಳ್ಳೆ ಏಳತೊಡಗಿದ್ದು? ಆ ಅನಿಲ ಬೆರೆತು ಅಲ್ಲಿನ ನೀರು ಹುಳಿಯಾಯಿತು. ನಮ್ಮ ಕಾಲದ ಹೊಗೆಯನ್ನು ಕುಡಿದು ಕುಡಿದು ಲೋಕದ ಕಡಲೆಲ್ಲ ನಿಧಾನವಾಗಿ ಅದೇ ದಾರಿ ಹಿಡಿದಿದೆ. ಮುಂದೆ ಏನಾಗಬಹುದೆಂದು ನೋಡಲು ನಮ್ಮ ಕೊಲ್ಲಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಶಂಖದ ಹುಳು ಬದುಕುವುದಿಲ್ಲ. ಖಾಲಿ ಚಿಪ್ಪು ಬಿದ್ದರೂ ಸವೆದು ಕಾಗದದಂತಾಗುತ್ತದೆ.

ಆದರೆ ಗಿಂಪೊ ಬದುಕಿದೆ. ಬೆರಳುದ್ದದ, ಬಂಡೆಗೆ ಅಂಟಿಕೊಂಡಿರುವ, ಯಾರೂ ಲೆಕ್ಕಕ್ಕಿಡದ ಮೀನು. ಬಂದರಿನ ಗಿಂಪೊವನ್ನು ಆ ನೀರಿನಲ್ಲಿಟ್ಟರೆ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಕೊಳೆತುಹೋಗುತ್ತವೆ. ಕೊಲ್ಲಿಯ ಗಿಂಪೊ ಹಾಗಲ್ಲ. ಅವುಗಳ ಮರಿಗಳನ್ನು ಇಲ್ಲಿಯ ತೊಟ್ಟಿಯಲ್ಲಿ ಒಳ್ಳೆಯ ನೀರಿನಲ್ಲಿ ಸಾಕಿದೆ. ಮರಿಗಳ ಮರಿಗಳನ್ನೂ ಸಾಕಿದೆ. ಹುಳಿನೀರನ್ನೇ ಕಂಡಿರದ ಆ ಮೊಮ್ಮಕ್ಕಳನ್ನು ಹುಳಿನೀರಿಗೆ ಬಿಟ್ಟಾಗ ಅವು ಬದುಕಿದವು, ಮೊಟ್ಟೆಯಿಟ್ಟವು. ಅಂದರೆ ಅದು ಅಭ್ಯಾಸಬಲವಲ್ಲ, ರಕ್ತದಲ್ಲಿ ಇಳಿದುಬಂದದ್ದು. ಮೂವತ್ತಾರು ವರ್ಷಗಳಲ್ಲಿ ಒಂದು ಮೀನು ತಾನಾಗಿಯೇ ಬದಲಾಗಿದೆ ಎಂದು ಬರೆದಿದ್ದೇನೆ. ನನ್ನ ಇಡೀ ಬರಹ ನಿಂತಿರುವುದು 'ತಾನಾಗಿಯೇ' ಎಂಬ ಆ ಒಂದು ಮಾತಿನ ಮೇಲೆ. ತಿಂಗಳ ಕೊನೆಗೆ ಅದು ಅಚ್ಚಿಗೆ ಹೋಗಬೇಕು. "ಕಡಲಿನ ಬಗ್ಗೆ ಒಂದಾದ್ರೂ ಒಳ್ಳೆ ಸುದ್ದಿ ಬೇಕಿತ್ತು ಜನಕ್ಕೆ" ಎಂದು ಕುರೊಯಿವಾ ದಿನಕ್ಕೊಮ್ಮೆ ಹೇಳುತ್ತಾರೆ.

ಮೊನ್ನೆ ಬರಹಕ್ಕೆ ಚಿತ್ರ ಆರಿಸುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಕೊಲ್ಲಿಯ ನಡುವೆ ತೆಗೆದದ್ದು. ಖಾಲಿ ಶಂಖ, ಒಳಗೆ ಮೊಟ್ಟೆ, ಬಾಯಲ್ಲಿ ಕಾವಲು ನಿಂತ ಗಂಡು ಮೀನು. ನೂರು ಸಲ ನೋಡಿದ ಚಿತ್ರ. ಆ ಶಂಖದ ಅಂಚು ದಪ್ಪವಾಗಿ, ಹೊಸದಾಗಿ ಇತ್ತು. ಅಲೆ ತಂದು ಹಾಕಿರಬೇಕು ಎಂದು ಆಗ ಸುಮ್ಮನಾಗಿದ್ದೆ. ಈ ಸಲ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಬಾಯಿಯ ಎಡಬದಿಗೆ ಉಳಿ ತಾಗಿದ ಗಾಯ. ಕಡಲಲ್ಲಿ ಮುಳುಗಿ ಬಂಡೆಯ ಸಂದಿಯಿಂದ ಶಂಖ ಎಬ್ಬಿಸುವಾಗ ಉಳಿದ ಹೆಂಗಸರ ಉಳಿಯೆಲ್ಲ ಬಲಕ್ಕೆ ತಾಗುತ್ತದೆ. ಎಡಗೈಯಲ್ಲಿ ಉಳಿ ಹಿಡಿದು ಮುಳುಗುತ್ತಿದ್ದವಳು ನಮ್ಮ ದ್ವೀಪದಲ್ಲಿ ನೀನೊಬ್ಬಳೇ.

ಮುಳುಗುವ ಕಾಲ ಶುರುವಾಗುವ ಮುನ್ನಾದಿನ ನೀವೆಲ್ಲ ಒಂದಿಷ್ಟು ಜೀವಗಳನ್ನು ಕಡಲಿಗೆ ಮರಳಿ ಬಿಡುತ್ತೀರಿ, ತೆಗೆಯಲಿರುವ ಜೀವಗಳಿಗೆ ಮೊದಲೇ ಕ್ಷಮೆ ಕೇಳಿದ ಹಾಗೆ. ಬಂದರಿನ ಮೆಟ್ಟಿಲ ಮೇಲೆ ನಿಂತು ನಾನೂ ಬಿಟ್ಟಿದ್ದೇನೆ. ಆದರೆ ನೀನು ನಿನ್ನ ಬಕೆಟ್ಟನ್ನು ಎಲ್ಲಿಗೆ ಒಯ್ಯುತ್ತಿದ್ದೆ ಎಂದು ಒಮ್ಮೆಯೂ ಕೇಳಲಿಲ್ಲ. ಹೊರಗಿನವಳಾಗಿದ್ದರೆ ಮೊದಲ ವರ್ಷವೇ ಕೇಳಿರುತ್ತಿದ್ದೆನೇನೋ.

ಬಂದರಿನ ಗಿಂಪೊಗಳನ್ನು ಗುಳ್ಳೆಕೊಲ್ಲಿಗೆ ಒಯ್ದಿದ್ದೀಯಾ ಅಮ್ಮಾ? ಒಂದೆರಡು ಸಲವಾದರೆ ಚಿಂತೆಯಿಲ್ಲ. ಎಷ್ಟು ಸಲ, ಎಲ್ಲಿ ಎಂದಷ್ಟೇ ಬರೆಸು. ಕೋಪ ಮಾಡಿಕೊಳ್ಳುವುದಿಲ್ಲ.

ನಿನ್ನ
ಮಿಸಾವೊ

*

ಜೂನ್ ೨೪

ಮಿಸಾವೊ, ಮಗಳೇ,

ಬೆರಳು ಮಡಚಕ್ಕಾಗ್ತಿಲ್ಲ, ಅದಕ್ಕೆ ಹಾತ್ಸು ಕೈಲಿ ಬರೆಸ್ತಿದೀನಿ. (ನಾನು ಹಾತ್ಸು ಚಿಕ್ಕಮ್ಮ. ನಿಮ್ಮಮ್ಮ ಹೇಳಿದ್ದನ್ನ ಹೇಳಿದಂಗೇ ಬರೀತೀನಿ, ಬೈಗುಳ ಮಾತ್ರ ಬಿಟ್ಟು.)

ಒಂದೆರಡು ಸಲ ಅಲ್ಲ. ಗುಳ್ಳೆ ಎದ್ದ ಮಾರನೇ ವರ್ಷದಿಂದ ಪ್ರತಿ ವರ್ಷ.

ಬಂದರಲ್ಲಿ ಬಿಟ್ರೆ ಸಾಯಂಕಾಲಕ್ಕೆ ಗಾಳದೋರು ಎತ್ಕೊಂಡು ಹೋಗ್ತಾರೆ. ಕೊಲ್ಲೀಲಿ ಯಾರೂ ಗಾಳ ಹಾಕಲ್ಲ, ನಿಶ್ಚಿಂತೆಯಿಂದ ಇರ್ಲಿ ಅಂತ ಅಲ್ಲಿ ಬಿಟ್ಟೆ. ಮೊದಲ್ನೇ ವರ್ಷ ಒಂದೂ ಉಳೀಲಿಲ್ಲ. ಮುಳುಗಿ ನೋಡಿದ್ರೆ ಮೊಟ್ಟೆ ಬೆಳ್ಳಗಾಗಿ ಕೊಳೀತಿತ್ತು. ಜೀವ ಬಿಡೋ ದಿನ ಜೀವ ತೆಗೆದುಬಿಟ್ನಲ್ಲ ಅಂತ, ಆ ವರ್ಷ ಪೂರ್ತಿ ನೀರೊಳಗೆ ನಂಗೆ ಉಸಿರೇ ನಿಲ್ತಿರ್ಲಿಲ್ಲ. ಆಗ ಹಾತ್ಸು ಅಂದ್ಲು, "ಬಿಸಿನೀರಿನ ಬುಗ್ಗೇಲಿ ಸೀದಾ ಧುಮುಕ್ತೀಯೇನೇ? ಮೊದ್ಲು ಕಾಲು ಅದ್ದಲ್ವಾ?" (ಹೌದು, ಐಡಿಯಾ ನಂದೇ. ಪೇಪರಲ್ಲಿ ಹಾಕು.)

ಮಾರನೇ ವರ್ಷ ಕೊಲ್ಲಿ ಬಾಯಲ್ಲಿ, ಗುಳ್ಳೆ ಕಮ್ಮಿ ಇರೋ ಕಡೆ ಇಟ್ಟೆ. ಮೊಟ್ಟೆ ಇರೋ ಶಂಖನೇ, ಗಂಡು ಸಮೇತ. ಆ ಅಪ್ಪ ಮೊಟ್ಟೆ ಬಿಟ್ಟು ಕದಲಲ್ಲ, ಬೆರಳು ಕಚ್ಚತ್ತೆ. ಅಲ್ಲಿ ಹುಟ್ಟಿ ಉಳಿದಾವಲ್ಲ, ಮುಂದಿನ ವರ್ಷ ಅವು ಇಟ್ಟ ಮೊಟ್ಟೆ ಹುಡುಕಿ ಹತ್ತು ಮಾರು ಒಳಗೆ ಇಟ್ಟೆ. ಅಲ್ಲಿ ಉಳಿದಿದ್ದರದ್ದು ಇನ್ನೂ ಹತ್ತು ಮಾರು. ಯಾವುದೋ ವರ್ಷ ಎಲ್ಲಾ ಹೋಗ್ತಿತ್ತು, ಮತ್ತೆ ಹಿಂದಕ್ಕೆ ಬಂದು ಶುರು ಮಾಡ್ತಿದ್ದೆ. ನಡು ಮುಟ್ಟಕ್ಕೆ ಹದಿನಾಲ್ಕು ವರ್ಷ ಆಯ್ತು. ಆಮೇಲೂ ಕೈ ಬಿಡಕ್ಕಾಗತ್ತಾ? ಆ ನೀರಲ್ಲಿ ಶಂಖ ಸವೆದು ಹೋಗತ್ತೆ, ಮೊಟ್ಟೆ ಇಡಕ್ಕೆ ಮನೆ ಬೇಡ್ವಾ? ವರ್ಷಾ ವರ್ಷಾ ಹೊಸ ಶಂಖ ಹೊತ್ತೆ.

ಯಾಕೆ ಹೇಳಲಿಲ್ಲ ಅಂತೀಯ. ಪ್ರತಿ ಆಗಸ್ಟು ನೀನು ನೀರಿಂದ ತಲೆ ಎತ್ತಿ, "ಅಮ್ಮಾ, ಬದುಕಿವೆ ಕಣೇ!" ಅಂತ ಕೂಗ್ತಿದ್ದೆ. ನಂಗೆ ಗೊತ್ತಿರೋದೇ ಆದ್ರೂ ಮಗಳ ಬಾಯಲ್ಲಿ ಕೇಳಕ್ಕೆ ಚೆನ್ನಾಗಿತ್ತು. ಅದ್ರಿಂದ ನಿನ್ನ ಕೆಲಸ ಕೆಡತ್ತೆ ಅಂತ ಹೊಳೀಲೇ ಇಲ್ಲ. ಕೆಟ್ಟಿದ್ರೆ ಬೈದುಬಿಡು, ಸುಮ್ನೆ ಇರ್ಬೇಡ.

ಮಂಡಿ ಹೋದ್ಮೇಲೆ ನಾನು ನೀರಿಗೆ ಇಳಿದಿಲ್ಲ ಅನ್ನೋದು ನಿಂಗೆ ಗೊತ್ತೇ ಇದೆ. ಈ ಮೇ ತಿಂಗಳಿಗೆ ಮೂರನೇ ವರ್ಷ. ಹಾತ್ಸುಗೆ ಆ ಆಳ ಆಗಲ್ಲ. (ಆಗತ್ತೆ. ಬಿಡಲ್ಲ ಇವಳು.) ಈಗ ಅಲ್ಲಿ ಹೆಂಗಿದೆ ಅಂತ ನೀನೇ ಹೇಳ್ಬೇಕು.

ಸೊನೊಯೆ

*

ನುಮಾಜು
ಜುಲೈ ೨

ಅಮ್ಮಾ,

ಕೋಪ ಮಾಡಿಕೊಳ್ಳುವುದಿಲ್ಲ ಎಂದಿದ್ದೆ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಮನಸ್ಸಿನೊಳಗೆ ಬೈದೆ. ಮೂರನೆಯ ದಿನ, ನಾನು ಬೈಯುತ್ತಿರುವುದು ನಿನ್ನನ್ನಲ್ಲ ಎಂದು ತಿಳಿಯಿತು. ಹನ್ನೊಂದು ವರ್ಷ ನೀರಿನ ಹುಳಿ ಅಳೆದೆ, ಮೀನಿನ ರಕ್ತ ಪರೀಕ್ಷಿಸಿದೆ, ನಮ್ಮಮ್ಮನನ್ನು ಮಾತ್ರ ಒಂದು ಪ್ರಶ್ನೆ ಕೇಳಲಿಲ್ಲ.

ಕಾಗದವನ್ನು ಕುರೊಯಿವಾಗೆ ತೋರಿಸಿದೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, "ಕೊನೇಲಿ ಒಂದು ಟಿಪ್ಪಣಿ ಹಾಕಿ, ಸಾಕು. ಮೀನು ಬದಲಾಗಿದೆ ತಾನೆ? ಹೇಗೆ ಬದಲಾದ್ರೇನು?" ಎಂದರು. ಕೆಟ್ಟ ಮನುಷ್ಯರಲ್ಲ ಅಮ್ಮಾ. ಅವರಿಗೂ ಒಂದು ಒಳ್ಳೆಯ ಸುದ್ದಿ ಬೇಕಾಗಿದೆ. ನನಗೂ ಬೇಕಾಗಿತ್ತು.

ಮೀನು ಬದಲಾಗಿರುವುದು ನಿಜ. ಆದರೆ ನನ್ನ ಬರಹ ಓದಿದವರು, ಕಡಲು ತನ್ನನ್ನು ತಾನು ನೋಡಿಕೊಳ್ಳುತ್ತದೆ, ನಮ್ಮ ಹೊಗೆ ನಾವು ಬಿಡೋಣ ಎಂದುಕೊಳ್ಳುತ್ತಾರೆ. ನಮ್ಮ ಗಿಂಪೊಗಳಿಗೆ ಒಂದು ಅಂಚು ಇತ್ತು, ಒಂದು ನಡು ಇತ್ತು, ಹತ್ತು ಮಾರಿಗೆ ಒಂದು ವರ್ಷ ಬಿಡುವು ಕೊಟ್ಟ ನೀನಿದ್ದೆ. ಬದುಕಿದ್ದನ್ನು ಆರಿಸಿ, ಸತ್ತರೆ ಹಿಂದಕ್ಕೆ ಬಂದು, ಮತ್ತೆ ಇಟ್ಟೆ. ಇಡೀ ಕಡಲು ಒಟ್ಟಿಗೆ ಹುಳಿಯಾಗುವಾಗ ಹಿಂದಕ್ಕೆ ಬರಲು ಅಂಚು ಎಲ್ಲಿದೆ? ಬೇರೆ ಕಡೆಯ ಮೀನುಗಳು ತಾವಾಗಿಯೇ ಬದಲಾಗಲಾರವು ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ. ಅವುಗಳ ಪರವಾಗಿ ಸಾಕ್ಷಿ ಹೇಳುವ ಹಕ್ಕು ನನ್ನ ಮೀನುಗಳಿಗಿಲ್ಲ ಎಂಬುದಷ್ಟೇ ಗೊತ್ತು.

ಬರಹವನ್ನು ಮೊನ್ನೆ ತಡೆಹಿಡಿದೆ. ಮೊದಲಿನಿಂದ ಬರೆಯುತ್ತೇನೆ, ನಿನ್ನ ಹೆಸರು ಹಾಕಿ. ಹಾತ್ಸು ಚಿಕ್ಕಮ್ಮನದೂ ಇರುತ್ತದೆ ಎಂದು ಹೇಳು. ಯಾವ ವರ್ಷ ಯಾವ ಬಂಡೆಯವರೆಗೆ ತಲುಪಿದ್ದೆ ಎಂದು ನೆನಪಾದಷ್ಟು ಬರೆಸಿಡು. ಮಂಡಿಗೆ ಬಿಸಿ ಶಾಖ ತಪ್ಪಿಸಬೇಡ.

ನಿನ್ನ ಮಗಳು
ಮಿಸಾವೊ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಈಗ ಅಲ್ಲಿ ಹೇಗಿದೆ ಎಂದು ನೀನು ಕೇಳಿದ್ದೆ. ಉತ್ತರಿಸದೆಯೇ ಲಕೋಟೆ ಅಂಟಿಸಿದ್ದೆ, ಈಗ ಹರಿದು ತೆರೆದೆ. ಕಳೆದೆರಡು ವರ್ಷಗಳ ಎಣಿಕೆಯನ್ನು ನಾನು ಬರಹದಲ್ಲಿ ಸೇರಿಸಿರಲಿಲ್ಲ. ಬಿರುಗಾಳಿ ಹೆಚ್ಚಿದ್ದ ವರ್ಷಗಳು, ಅವನ್ನು ಗಣಿಸಬಾರದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನೀನು ಕೊನೆಯ ಸಲ ಮುಳುಗಿದ ವರ್ಷ ಕೊಲ್ಲಿಯ ನಡುವೆ ಮೊಟ್ಟೆಯಿದ್ದ ಗೂಡುಗಳು ಅರವತ್ತೊಂದು. ಮರುವರ್ಷ ಇಪ್ಪತ್ತೆರಡು. ಹೋದ ಆಗಸ್ಟಿನಲ್ಲಿ ನಾಲ್ಕು. ಈ ಸಲ ಆಗಸ್ಟಿನವರೆಗೆ ಕಾಯುವುದಿಲ್ಲ, ಶನಿವಾರದ ಹಡಗಿಗೇ ಬರುತ್ತೇನೆ. ಮೊಟ್ಟೆಯಿರುವ ಶಂಖವನ್ನು ಗಂಡು ಮೀನು ಹೆದರದ ಹಾಗೆ ಹೇಗೆ ಎತ್ತುವುದೆಂದು ನೀನು ನನಗೆ ಕಲಿಸಬೇಕು.